ಒಂದು ಫೈಲಿನ ಗ್ಲೋಬಲ್ ಇನ್ನೊಂದು ಫೈಲಿನಲ್ಲಿ ಏಕೆ ಬದಲಾಗುವುದಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರೋಗ್ರಾಮನ್ನು ಹಲವು ಫೈಲುಗಳಾಗಿ ಒಡೆದ ಮೇಲೆ ಒಂದೇ ವೇರಿಯೇಬಲನ್ನು ಎಲ್ಲ ಫೈಲುಗಳಿಂದ ಓದುವುದು, ಬದಲಿಸುವುದು ಹೇಗೆ? ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇರುವುದರಿಂದ ಅವನ್ನು ಒಟ್ಟಿಗೆ ಕೊಟ್ಟಿದ್ದೇವೆ. ಬಹುಪಾಲು ಪೈಥಾನ್ ಕುರಿತವು, ಕೊನೆಯ ಭಾಗದಲ್ಲಿ ಸಿ ಮತ್ತು ಜಾವಾಸ್ಕ್ರಿಪ್ಟ್ ಕೂಡ ಇವೆ. ಕೋಡಿನ ಕೀವರ್ಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. 'ಎಣಿಕೆ'ಯಂಥ ವೇರಿಯೇಬಲ್ ಹೆಸರುಗಳನ್ನು ಮಾತ್ರ ಪೈಥಾನ್ 3 ಕನ್ನಡದಲ್ಲೇ ಒಪ್ಪುತ್ತದೆ. ಆದರೆ ಒತ್ತಕ್ಷರ ಬಿಡಿಸಲು ನಾವು ಬಳಸುವ ಕಣ್ಣಿಗೆ ಕಾಣದ ಅಕ್ಷರ ಹೆಸರಿನೊಳಗೆ ಸೇರಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಗಮನವಿರಲಿ.

ಪ್ರಶ್ನೆ: ಕಾನ್ಫಿಗ್ ಎಂಬ ಫೈಲಿನಲ್ಲಿ 'ಎಣಿಕೆ = 0' ಎಂದು ಬರೆದಿದ್ದೇನೆ. ಮೇನ್ ಮತ್ತು ಕೆಲಸ ಎಂಬ ಇನ್ನೆರಡು ಫೈಲುಗಳು 'ಫ್ರಮ್ ಕಾನ್ಫಿಗ್ ಇಂಪೋರ್ಟ್ ಎಣಿಕೆ' ಎಂದು ಅದನ್ನು ತರಿಸಿಕೊಳ್ಳುತ್ತವೆ. ಕೆಲಸ ಫೈಲಿನ ಫಂಕ್ಷನ್ನಿನಲ್ಲಿ 'ಗ್ಲೋಬಲ್ ಎಣಿಕೆ' ಎಂದು ಘೋಷಿಸಿ ಒಂದು ಕೂಡಿಸುತ್ತೇನೆ. ಅಲ್ಲಿ ಪ್ರಿಂಟ್ ಮಾಡಿದರೆ 1, ಮೇನ್‌ನಲ್ಲಿ ಪ್ರಿಂಟ್ ಮಾಡಿದರೆ 0. ಗ್ಲೋಬಲ್ ಎಂದ ಮೇಲೂ ಹೀಗೇಕೆ?

ಉತ್ತರ: ಪೈಥಾನ್‌ನಲ್ಲಿ ಇಡೀ ಪ್ರೋಗ್ರಾಮಿಗೆ ಸೇರಿದ ಗ್ಲೋಬಲ್ ಎಂಬುದು ಇಲ್ಲ. ಪ್ರತಿ ಮಾಡ್ಯೂಲಿಗೂ, ಅಂದರೆ ಪ್ರತಿ ಫೈಲಿಗೂ, ತನ್ನದೇ ಹೆಸರುಗಳ ಪಟ್ಟಿ ಇದೆ. 'ಗ್ಲೋಬಲ್ ಎಣಿಕೆ' ಎಂಬ ಸಾಲಿನ ಅರ್ಥ ಇಷ್ಟೇ: ಈ ಫಂಕ್ಷನ್ನಿನೊಳಗೆ ಎಣಿಕೆ ಎಂದರೆ ಇದೇ ಫೈಲಿನ ಮೇಲ್ಮಟ್ಟದ ಎಣಿಕೆ. ಬೇರೆ ಫೈಲಿಗೆ ಅದರ ಕೈ ಚಾಚುವುದಿಲ್ಲ.

ಇನ್ನು ಆ ಇಂಪೋರ್ಟ್ ಸಾಲು ಏನು ಮಾಡುತ್ತದೆ ನೋಡಿ. ಮೊದಲು ಕಾನ್ಫಿಗ್ ಈಗಾಗಲೇ ಲೋಡ್ ಆಗಿದೆಯೇ ಎಂದು ಸಿಸ್.ಮಾಡ್ಯೂಲ್ಸ್ ಎಂಬ ಡಿಕ್ಷನರಿಯಲ್ಲಿ ಹುಡುಕುತ್ತದೆ. ಇಲ್ಲದಿದ್ದರೆ ಅದನ್ನು ಅಲ್ಲಿ ಸೇರಿಸಿ, ಫೈಲನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓಡಿಸುತ್ತದೆ. ಆಮೇಲೆ ಕಾನ್ಫಿಗ್‌ನ ಎಣಿಕೆ ಆ ಕ್ಷಣದಲ್ಲಿ ಯಾವ ವಸ್ತುವನ್ನು ಸೂಚಿಸುತ್ತಿದೆಯೋ ಅದೇ ವಸ್ತುವಿಗೆ ನಿಮ್ಮ ಫೈಲಿನಲ್ಲೂ ಎಣಿಕೆ ಎಂಬ ಹೊಸ ಹೆಸರನ್ನು ಕೊಡುತ್ತದೆ. ಹೆಸರೆಂದರೆ ಡಬ್ಬಕ್ಕೆ ಅಂಟಿಸಿದ ಚೀಟಿ ಎಂದುಕೊಳ್ಳಿ. ಈಗ ಒಂದೇ ಡಬ್ಬಕ್ಕೆ ಮೂರು ಫೈಲುಗಳ ಮೂರು ಚೀಟಿಗಳಿವೆ. 'ಎಣಿಕೆ += 1' ಎಂದಾಗ ಸೊನ್ನೆಯೇ ಒಂದಾಗಿ ಬದಲಾಗುವುದಿಲ್ಲ, ಪೂರ್ಣಾಂಕಗಳನ್ನು ಬದಲಿಸಲು ಬರುವುದೇ ಇಲ್ಲ. ಕೆಲಸ ಫೈಲಿನ ಚೀಟಿ ಮಾತ್ರ ಕಿತ್ತು ಬಂದು 1 ಎಂಬ ಬೇರೆ ಡಬ್ಬಕ್ಕೆ ಅಂಟಿಕೊಳ್ಳುತ್ತದೆ. ಉಳಿದೆರಡು ಸೊನ್ನೆಯ ಮೇಲೇ ಉಳಿಯುತ್ತವೆ. ಖಚಿತಪಡಿಸಿಕೊಳ್ಳಬೇಕಿದ್ದರೆ ಮೇನ್‌ನಲ್ಲಿ ಕಾನ್ಫಿಗ್ ಮತ್ತು ಕೆಲಸ ಎರಡನ್ನೂ ಇಂಪೋರ್ಟ್ ಮಾಡಿ, ಕೆಲಸ ಫೈಲಿನ ಆ ಫಂಕ್ಷನ್ನನ್ನು ಒಮ್ಮೆ ಕರೆದು, ಕಾನ್ಫಿಗ್.ಎಣಿಕೆ ಮತ್ತು ಕೆಲಸ.ಎಣಿಕೆ ಎರಡನ್ನೂ ಪ್ರಿಂಟ್ ಮಾಡಿ. 0 ಮತ್ತು 1 ಎಂದು ಬರುತ್ತದೆ.

ಪರಿಹಾರ ಸುಲಭ. ಹೆಸರನ್ನು ತರಿಸಬೇಡಿ, ಮಾಡ್ಯೂಲನ್ನೇ ತರಿಸಿ:

ಇಂಪೋರ್ಟ್ ಕಾನ್ಫಿಗ್
ಕಾನ್ಫಿಗ್.ಎಣಿಕೆ += 1

ಮೇನ್ ಮತ್ತು ಕೆಲಸ ಎರಡೂ ಫೈಲುಗಳಲ್ಲಿ ಹೀಗೇ ಬರೆಯಿರಿ. ಮಾಡ್ಯೂಲ್ ಲೋಡ್ ಆಗುವುದು ಒಮ್ಮೆ ಮಾತ್ರ, ಆದ್ದರಿಂದ ಎಲ್ಲರ ಕೈಯಲ್ಲಿರುವುದು ಅದೇ ಕಾನ್ಫಿಗ್. ಚುಕ್ಕೆ ಇಟ್ಟು ಕೇಳಿದಾಗಲೆಲ್ಲ ಪೈಥಾನ್ ಅದರೊಳಗೆ ಹೋಗಿ ಈಗಿನ ಬೆಲೆಯನ್ನೇ ತರುತ್ತದೆ. ಚುಕ್ಕೆಯ ಮೂಲಕ ಬದಲಿಸುವಾಗ 'ಗ್ಲೋಬಲ್' ಸಾಲೂ ಬೇಡ. ಹೆಸರು ಉದ್ದವೆನಿಸಿದರೆ 'ಇಂಪೋರ್ಟ್ ಕಾನ್ಫಿಗ್ ಆ್ಯಸ್ ಕಾ' ಎಂದು ಮೊಟಕುಗೊಳಿಸಿ, ಅದರಿಂದ ತೊಂದರೆಯಿಲ್ಲ. ಹಂಚಿಕೊಳ್ಳುವ ಮಾಹಿತಿಗೆಂದೇ ಪ್ರತ್ಯೇಕ ಕಾನ್ಫಿಗ್ ಮಾಡ್ಯೂಲ್ ಇಡುವ ಈ ಕ್ರಮವನ್ನೇ ಪೈಥಾನ್‌ನ ಅಧಿಕೃತ ಪ್ರಶ್ನೋತ್ತರ ಪುಟವೂ ಹೇಳುತ್ತದೆ. ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಮ್ಮೆಗೇ ತರಿಸುವವರಿಗೆ ನಿಮ್ಮ ತೊಂದರೆಯೇ ಇನ್ನಷ್ಟು ಮಬ್ಬಾಗಿ ಎದುರಾಗುತ್ತದೆ: ಯಾವ ಹೆಸರು ಎಲ್ಲಿಂದ ಬಂತೆಂಬುದೂ ಕೋಡಿನಲ್ಲಿ ಕಾಣುವುದಿಲ್ಲ.

ಪ್ರಶ್ನೆ: ನೀವು ಹೇಳುವ ನಿಯಮ ನನ್ನ ಪ್ರೋಗ್ರಾಮಿಗೆ ಹೊಂದುತ್ತಿಲ್ಲ. 'ಫ್ರಮ್ ಕಾನ್ಫಿಗ್ ಇಂಪೋರ್ಟ್ ಸಾಲು' ಎಂದು ಒಂದು ಲಿಸ್ಟನ್ನು ತರಿಸಿದ್ದೇನೆ, ಒಂದು ಫೈಲಿನಲ್ಲಿ ಸೇರಿಸಿದ್ದು ಇನ್ನೊಂದರಲ್ಲಿ ಸರಿಯಾಗಿ ಕಾಣುತ್ತಿದೆ.

ಉತ್ತರ: ನಿಯಮ ಅದೇ. ಅಪೆಂಡ್ ಮಾಡಿದಾಗ ಚೀಟಿ ಜರುಗುವುದಿಲ್ಲ, ಡಬ್ಬದೊಳಗಿನ ಸರಕು ಬದಲಾಗುತ್ತದೆ. ಎಲ್ಲ ಚೀಟಿಗಳೂ ಅದೇ ಡಬ್ಬದ ಮೇಲಿರುವುದರಿಂದ ಎಲ್ಲರಿಗೂ ಕಾಣುತ್ತದೆ. ಡಿಕ್ಷನರಿ, ಸೆಟ್, ನಿಮ್ಮದೇ ಕ್ಲಾಸಿನ ಆಬ್ಜೆಕ್ಟ್‌ಗಳಿಗೂ ಹೀಗೇ. ಕೈಕೊಡುವುದು ಯಾವಾಗ ಎಂದರೆ, ಲಿಸ್ಟನ್ನು ಖಾಲಿ ಮಾಡಲು ಯಾರೋ ಒಂದು ಕಡೆ 'ಸಾಲು = []' ಎಂದು ಬರೆದ ದಿನ. ಅದು ಹೊಸ ಲಿಸ್ಟ್. ಆ ಫೈಲಿನ ಕೊಂಡಿ ಅಲ್ಲಿಗೆ ಕಳಚಿತು, ಎರರ್ ಏನೂ ಬರುವುದಿಲ್ಲ. ಖಾಲಿ ಮಾಡಲು ಸಾಲು.ಕ್ಲಿಯರ್() ಬಳಸಿ, ಪೂರ್ತಿ ಹೊಸ ಅಂಶಗಳನ್ನು ತುಂಬಬೇಕಿದ್ದರೆ ಎಡಬದಿಯಲ್ಲಿ 'ಸಾಲು[:] =' ಎಂದು ಬರೆಯಿರಿ. ಆದರೂ ನಮ್ಮ ಸಲಹೆ ಕಾನ್ಫಿಗ್.ಸಾಲು ಎಂದೇ ಬಳಸುವುದು. ಲಿಸ್ಟಿಗೊಂದು ನಿಯಮ, ಸಂಖ್ಯೆಗೊಂದು ನಿಯಮ ಎಂದು ನೆನಪಿಟ್ಟುಕೊಂಡು ಕೋಡ್ ಬರೆಯುವುದು ಬಹುಕಾಲ ನಡೆಯುವ ಮಾತಲ್ಲ.

ಫಂಕ್ಷನ್ನುಗಳನ್ನು ಮಾತ್ರ ಹೆಸರು ಹಿಡಿದು ಧಾರಾಳವಾಗಿ ತರಿಸಬಹುದು. ಫಂಕ್ಷನ್ ಎಲ್ಲಿಂದ ಕರೆದರೂ ತಾನು ಹುಟ್ಟಿದ ಮಾಡ್ಯೂಲಿನ ಗ್ಲೋಬಲ್‌ಗಳನ್ನೇ ನೋಡುತ್ತದೆ. ಹಾಗಾಗಿ ಕಾನ್ಫಿಗ್ ಫೈಲಿನಲ್ಲೇ ಹೀಗೆ ಬರೆದಿಟ್ಟರೆ ಸರಿಹೋಗುತ್ತದೆ:

ಡೆಫ್ ಏರಿಸು(ಎಷ್ಟು=1):
    ಗ್ಲೋಬಲ್ ಎಣಿಕೆ
    ಎಣಿಕೆ += ಎಷ್ಟು

ಇದನ್ನು 'ಫ್ರಮ್ ಕಾನ್ಫಿಗ್ ಇಂಪೋರ್ಟ್ ಏರಿಸು' ಎಂದು ತಂದು ಎಲ್ಲಿ ಕರೆದರೂ ಬದಲಾಗುವುದು ಕಾನ್ಫಿಗ್‌ನ ಎಣಿಕೆಯೇ. ಬೆಲೆ ಬದಲಾಗುವ ಜಾಗ ಒಂದೇ ಆಗುವುದು ಇದರ ದೊಡ್ಡ ಲಾಭ. ಋಣ ಸಂಖ್ಯೆ ಬರಬಾರದೆಂಬ ತಪಾಸಣೆ, ಲಾಗ್ ಸಾಲು, ಒಮ್ಮೆಗೆ ಒಬ್ಬರೇ ಬದಲಿಸುವಂತೆ ತಡೆಯುವ ಲಾಕ್, ಯಾವುದು ಬೇಕಾದರೂ ಅಲ್ಲಿಯೇ ಸೇರಿಸಬಹುದು.

ಪ್ರಶ್ನೆ: ಎಲ್ಲ ಕೋಡ್ ಒಂದೇ ಫೈಲಿನಲ್ಲಿದ್ದರೂ ನನಗೆ ಅನ್‌ಬೌಂಡ್‌ಲೋಕಲ್‌ಎರರ್ ಬರುತ್ತಿದೆ. ಫಂಕ್ಷನ್ನಿನ ಮೊದಲ ಸಾಲಿನಲ್ಲಿ ವೇರಿಯೇಬಲನ್ನು ಪ್ರಿಂಟ್ ಮಾಡುತ್ತೇನೆ, ಕೊನೆಯಲ್ಲಿ ಬದಲಿಸುತ್ತೇನೆ. ಪ್ರಿಂಟ್ ಸಾಲಿಗೇ ಎರರ್.

ಉತ್ತರ: ಫಂಕ್ಷನ್ನಿನೊಳಗೆ ಎಲ್ಲಾದರೂ ಒಂದು ಕಡೆ ಹೆಸರಿಗೆ ಬೆಲೆ ಕೊಟ್ಟರೆ, ಆ ಇಡೀ ಫಂಕ್ಷನ್ನಿಗೆ ಅದು ಲೋಕಲ್ ಹೆಸರಾಗುತ್ತದೆ. ಇದು ತೀರ್ಮಾನವಾಗುವುದು ಕೋಡ್ ಓಡುವಾಗಲ್ಲ, ಕಂಪೈಲ್ ಆಗುವಾಗ. ಹಾಗಾಗಿ ಕೊನೆಯ ಸಾಲು ಮೊದಲ ಸಾಲನ್ನು ಕೆಡಿಸುತ್ತದೆ: ಪ್ರಿಂಟ್ ಮಾಡುವಾಗ ಆ ಲೋಕಲ್ ಹೆಸರಿಗೆ ಇನ್ನೂ ಬೆಲೆಯೇ ಇರುವುದಿಲ್ಲ. 'ಗ್ಲೋಬಲ್' ಘೋಷಣೆಯನ್ನು ಫಂಕ್ಷನ್ನಿನ ಮೊದಲ ಸಾಲಾಗಿ ಬರೆಯಿರಿ. ಹೆಸರನ್ನು ಬಳಸಿದ ನಂತರ ಬರೆದರೆ ಸಿಂಟ್ಯಾಕ್ಸ್ ಎರರ್. ಬರೀ ಓದುವುದಕ್ಕೆ ಘೋಷಣೆ ಬೇಕಿಲ್ಲ. ಲಿಸ್ಟ್‌ಗೆ ಅಪೆಂಡ್ ಮಾಡುವುದಕ್ಕೂ ಬೇಕಿಲ್ಲ, ಆದರೆ ಲಿಸ್ಟ್‌ಗೆ += ಬಳಸಿದರೆ ಬೇಕು, ಏಕೆಂದರೆ ಅದು ಹೆಸರಿಗೆ ಮತ್ತೆ ಬೆಲೆ ಕೊಡುವ ಕ್ರಿಯೆಯೂ ಹೌದು.

ಪ್ರಶ್ನೆ: ಹಂಚಿಕೊಳ್ಳುವ ವೇರಿಯೇಬಲ್‌ಗಳನ್ನು ಮೇನ್ ಫೈಲಿನಲ್ಲೇ ಇಟ್ಟಿದ್ದೇನೆ. ಕೆಲಸ ಫೈಲಿನಲ್ಲಿ 'ಇಂಪೋರ್ಟ್ ಮೇನ್' ಎಂದು ಬರೆದು, ನೀವು ಹೇಳುವ ಹಾಗೆ ಚುಕ್ಕೆ ಇಟ್ಟೇ ಬಳಸುತ್ತೇನೆ. ಆದರೂ ಎರಡು ಬೇರೆ ಬೆಲೆಗಳು, ಜೊತೆಗೆ 'ಪ್ರಾರಂಭವಾಯಿತು' ಎಂಬ ಸಂದೇಶ ಎರಡು ಸಲ ಬರುತ್ತದೆ.

ಉತ್ತರ: ಆ ಎರಡು ಸಲ ಬರುವ ಸಂದೇಶವೇ ಸುಳಿವು. ನಿಮ್ಮ ಫೈಲು ಎರಡು ಸಲ ಲೋಡ್ ಆಗಿದೆ. ನೇರವಾಗಿ ಓಡಿಸಿದ ಫೈಲನ್ನು ಪೈಥಾನ್ ಸಿಸ್.ಮಾಡ್ಯೂಲ್ಸ್‌ನಲ್ಲಿ ಅದರ ಸ್ವಂತ ಹೆಸರಿನಲ್ಲಿ ದಾಖಲಿಸುವುದಿಲ್ಲ. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ __ಮೇನ್__ ಎಂಬ ಹೆಸರಿನಲ್ಲಿ ದಾಖಲಿಸುತ್ತದೆ. ಕೆಲಸ ಫೈಲು 'ಮೇನ್' ಎಂದು ಕೇಳಿದಾಗ ಆ ಹೆಸರು ಸಿಗುವುದಿಲ್ಲ, ಆದ್ದರಿಂದ ಅದೇ ಫೈಲು ಎರಡನೆಯ ಮಾಡ್ಯೂಲಾಗಿ ಮತ್ತೊಮ್ಮೆ ಓಡುತ್ತದೆ. ಅಲ್ಲಿಂದಾಚೆ ಎರಡು ಪ್ರತಿಗಳು, ಎರಡು ಎಣಿಕೆಗಳು. ವೇರಿಯೇಬಲ್‌ಗಳನ್ನು ಕಾನ್ಫಿಗ್ ಎಂಬ ಬೇರೆ ಫೈಲಿಗೆ ಸಾಗಿಸಿ. ಮೇನ್‌ನಲ್ಲಿ ಪ್ರೋಗ್ರಾಮನ್ನು ಶುರು ಮಾಡುವ ಕೋಡ್ ಮಾತ್ರ ಇರಲಿ, ಅದನ್ನು ಯಾರೂ ಇಂಪೋರ್ಟ್ ಮಾಡದಿರಲಿ.

ಇದೇ ಕಾಯಿಲೆ ಪ್ಯಾಕೇಜುಗಳಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. 'ಆ್ಯಪ್' ಎಂಬ ಫೋಲ್ಡರಿನಲ್ಲಿ ಕಾನ್ಫಿಗ್ ಇದೆ ಎನ್ನಿ. ಒಂದು ಫೈಲು 'ಇಂಪೋರ್ಟ್ ಕಾನ್ಫಿಗ್' ಎನ್ನುತ್ತದೆ, ಇನ್ನೊಂದು 'ಇಂಪೋರ್ಟ್ ಆ್ಯಪ್.ಕಾನ್ಫಿಗ್' ಎನ್ನುತ್ತದೆ. ಪೈಥಾನ್ ಮಾಡ್ಯೂಲುಗಳನ್ನು ಹುಡುಕುವ ಹಾದಿಯಲ್ಲಿ ಆ್ಯಪ್ ಮತ್ತು ಅದರ ಹೊರಗಿನ ಫೋಲ್ಡರು ಎರಡೂ ಇದ್ದರೆ ಎರಡೂ ಸಾಲುಗಳು ಯಶಸ್ವಿಯಾಗುತ್ತವೆ, ಹೆಸರು ಬೇರೆಯಾದ್ದರಿಂದ ಪ್ರತಿಗಳೂ ಎರಡಾಗುತ್ತವೆ. ಪತ್ತೆಹಚ್ಚಲು ಕಾನ್ಫಿಗ್‌ನ ಮೊದಲ ಸಾಲಿನಲ್ಲಿ ಅದರ __ನೇಮ್__ ಅನ್ನು ಪ್ರಿಂಟ್ ಮಾಡಿಸಿ. ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಪ್ರೋಗ್ರಾಮನ್ನು ಆ್ಯಪ್‌ನ ಹೊರಗಿನ ಫೋಲ್ಡರಿನಲ್ಲಿ ನಿಂತು 'ಪೈಥಾನ್ -ಎಂ ಆ್ಯಪ್.ಮೇನ್' ಎಂದು ಓಡಿಸಿ, ಎಲ್ಲ ಫೈಲುಗಳಲ್ಲೂ ಪೂರ್ಣ ಹೆಸರನ್ನೇ ಬಳಸಿ.

ಪ್ರಶ್ನೆ: ಎರಡು ಫೈಲುಗಳು ಒಂದನ್ನೊಂದು ಇಂಪೋರ್ಟ್ ಮಾಡುತ್ತವೆ. 'ಅರ್ಧ ಸಿದ್ಧವಾದ ಮಾಡ್ಯೂಲ್' ಎಂಬರ್ಥದ ಎರರ್ ಬರುತ್ತದೆ.

ಉತ್ತರ: ಮೊದಲ ಫೈಲು ಎರಡನೆಯದನ್ನು ಕರೆದಾಗ ಮೊದಲನೆಯದು ಅಲ್ಲಿಗೇ ನಿಂತಿರುತ್ತದೆ. ಎರಡನೆಯದು ತಿರುಗಿ ಮೊದಲನೆಯದರಿಂದ ಒಂದು ಹೆಸರು ಕೇಳಿದರೆ, ಅದು ಇನ್ನೂ ಹುಟ್ಟಿರುವುದಿಲ್ಲ. ಇಬ್ಬರಿಗೂ ಬೇಕಾದ ವೇರಿಯೇಬಲ್‌ಗಳನ್ನು, ನಿಮ್ಮ ಬೇರಾವ ಫೈಲನ್ನೂ ಇಂಪೋರ್ಟ್ ಮಾಡದ ಮೂರನೆಯ ಫೈಲಿಗೆ ಹಾಕುವುದು ಸರಿಯಾದ ದಾರಿ. ಕಾನ್ಫಿಗ್ ಎಲ್ಲರಿಗೂ ಕೊಡಬೇಕು, ಯಾರಿಂದಲೂ ತೆಗೆದುಕೊಳ್ಳಬಾರದು. ತುರ್ತಿಗೆ, ಇಂಪೋರ್ಟ್ ಸಾಲನ್ನು ಫಂಕ್ಷನ್ನಿನೊಳಗೆ ಸರಿಸಿದರೂ ನಡೆಯುತ್ತದೆ.

ಪ್ರಶ್ನೆ: ಲೆಕ್ಕವನ್ನು ಬೇಗ ಮುಗಿಸಲು ಮಲ್ಟಿಪ್ರೊಸೆಸಿಂಗ್ ಬಳಸಿ 4 ಪ್ರೊಸೆಸ್ ಶುರು ಮಾಡಿದ್ದೇನೆ. ಎಲ್ಲವೂ ಕಾನ್ಫಿಗ್.ಎಣಿಕೆಯನ್ನು ಏರಿಸುತ್ತವೆ. ಕೊನೆಗೆ ಮೂಲ ಪ್ರೋಗ್ರಾಮಿನಲ್ಲಿ ಅದು ಸೊನ್ನೆಯಾಗಿಯೇ ಇದೆ. ಇನ್ನೊಂದು ವಿಚಿತ್ರ: ಶುರುವಿನಲ್ಲಿ ಕೊಟ್ಟ ಬೆಲೆ ಲಿನಕ್ಸ್‌ನಲ್ಲಿ ಮಕ್ಕಳ ಪ್ರೊಸೆಸ್‌ಗಳಿಗೆ ಕಾಣುತ್ತದೆ, ವಿಂಡೋಸ್‌ನಲ್ಲಿ ಕಾಣುವುದಿಲ್ಲ.

ಉತ್ತರ: ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದೇ ಪ್ರೊಸೆಸ್‌ನೊಳಗಿನ ಮಾತು. ಪ್ರೊಸೆಸ್ ಬೇರೆಯಾದರೆ ಮೆಮೊರಿಯೂ ಬೇರೆ. ನಾಲ್ಕೂ ಪ್ರೊಸೆಸ್‌ಗಳು ತಮ್ಮ ತಮ್ಮ ಕಾನ್ಫಿಗ್ ಪ್ರತಿಯನ್ನು ಏರಿಸಿ, ಮುಗಿದ ಮೇಲೆ ಅದರೊಂದಿಗೇ ಇಲ್ಲವಾಗುತ್ತವೆ.

ಲಿನಕ್ಸ್ ಮತ್ತು ವಿಂಡೋಸ್ ನಡುವಿನ ವ್ಯತ್ಯಾಸಕ್ಕೆ ಕಾರಣ ಹೊಸ ಪ್ರೊಸೆಸ್ ಹುಟ್ಟುವ ರೀತಿ. ಫೋರ್ಕ್ ವಿಧಾನದಲ್ಲಿ ತಾಯಿ ಪ್ರೊಸೆಸ್‌ನ ಮೆಮೊರಿ ಆ ಕ್ಷಣದಲ್ಲಿ ಹೇಗಿತ್ತೋ ಹಾಗೇ ಮಗುವಿಗೆ ಬರುತ್ತದೆ. ಸ್ಪಾನ್ ವಿಧಾನದಲ್ಲಿ ಹೊಸ ಪೈಥಾನ್ ಶುರುವಾಗಿ ಫೈಲುಗಳನ್ನು ಮೊದಲಿನಿಂದ ಇಂಪೋರ್ಟ್ ಮಾಡುತ್ತದೆ. ಆಗ 'ಇಫ್ __ನೇಮ್__ == "__ಮೇನ್__"' ಎಂಬ ತಡೆಯ ಒಳಗೆ ನೀವು ಕೊಟ್ಟ ಬೆಲೆ ಮಗುವಿನಲ್ಲಿ ಇರುವುದೇ ಇಲ್ಲ. ವಿಂಡೋಸ್‌ನಲ್ಲಿರುವುದು ಸ್ಪಾನ್ ಒಂದೇ. ಮ್ಯಾಕ್‌ನಲ್ಲೂ ಪೈಥಾನ್ 3.8ರಿಂದ ಅದೇ ಪೂರ್ವನಿಯೋಜಿತ ವಿಧಾನ. ಲಿನಕ್ಸ್‌ನಲ್ಲಿ ಬಹುಕಾಲ ಫೋರ್ಕ್ ಇತ್ತು, 3.14ರಿಂದ ಫೋರ್ಕ್‌ಸರ್ವರ್ ಎಂಬ ವಿಧಾನ ಬಂದಿದೆ, ಅದರಲ್ಲೂ ತಾಯಿಯ ಮೆಮೊರಿ ಮಗುವಿಗೆ ಬರುವುದಿಲ್ಲ. ಆದ್ದರಿಂದ ಫೋರ್ಕ್ ನಂಬಿ ಬರೆದ ಕೋಡ್ ಹೊಸ ಆವೃತ್ತಿಯ ಲಿನಕ್ಸ್‌ನಲ್ಲೂ ಕೈಕೊಡುತ್ತದೆ. ಮಗುವಿಗೆ ಬೇಕಾದ ಬೆಲೆಯನ್ನು ಆರ್ಗ್ಯುಮೆಂಟ್ ಆಗಿ ಕೈಗಿತ್ತು ಕಳುಹಿಸಿ, ಆಗ ಯಾವ ವಿಧಾನವಾದರೂ ಒಂದೇ.

ಎಣಿಕೆಯನ್ನು ಕೂಡಿಸಲು ಮೊದಲು ಯೋಚಿಸಬೇಕಾದದ್ದು ಹಂಚಿಕೊಳ್ಳದೇ ಇರುವ ದಾರಿ: ಪ್ರತಿ ಮಗುವೂ ತನ್ನ ಎಣಿಕೆಯನ್ನು ಉತ್ತರವಾಗಿ ಹಿಂದಿರುಗಿಸಲಿ, ತಾಯಿ ಪ್ರೊಸೆಸ್ ಅವನ್ನು ಕೂಡಲಿ. ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವ ಪೂಲ್.ಮ್ಯಾಪ್ ಬಳಸಿದರೆ ಉತ್ತರಗಳು ಲಿಸ್ಟ್ ಆಗಿ ಬರುತ್ತವೆ, ಸಮ್ ಮಾಡಿದರೆ ಮುಗಿಯಿತು. ಇದು ವೇಗವೂ ಹೌದು, ತಪ್ಪಿಗೆ ಎಡೆಯೂ ಕಡಿಮೆ. ನಡುವೆಯೇ ಪ್ರಗತಿ ತೋರಿಸಬೇಕು ಎಂಬಂಥ ಕಾರಣವಿದ್ದರೆ ಮಾತ್ರ ಪ್ರೊಸೆಸ್‌ಗಳು ಹಂಚಿಕೊಳ್ಳಬಲ್ಲ ಮಲ್ಟಿಪ್ರೊಸೆಸಿಂಗ್.ವ್ಯಾಲ್ಯೂ ಬಳಸಿ. ಟೈಪ್ ಜಾಗದಲ್ಲಿ ಪೂರ್ಣಾಂಕಕ್ಕೆ 'ಐ', ದಶಾಂಶಕ್ಕೆ 'ಡಿ' ಅಕ್ಷರ ಕೊಡಬೇಕು. ಏರಿಸುವಾಗ ಅದರ ಲಾಕ್ ಹಿಡಿಯಲೇಬೇಕು:

ವಿತ್ ಎಣಿಕೆ.ಗೆಟ್_ಲಾಕ್():
    ಎಣಿಕೆ.ವ್ಯಾಲ್ಯೂ += 1

ಒಳಗೇ ಲಾಕ್ ಇದೆಯಲ್ಲ ಎಂದು ಇದನ್ನು ಬಿಡಬೇಡಿ. ಒಂದು ಓದು, ಒಂದು ಬರಹ ಬಿಡಿಬಿಡಿಯಾಗಿ ಸುರಕ್ಷಿತ, ಆದರೆ += ಎಂದರೆ ಓದಿ, ಕೂಡಿ, ಬರೆಯುವ ಮೂರು ಹೆಜ್ಜೆ. ನಡುವೆ ಇನ್ನೊಂದು ಪ್ರೊಸೆಸ್ ನುಗ್ಗಿದರೆ ಒಂದು ಏರಿಕೆ ಕಳೆದುಹೋಗುತ್ತದೆ. ಇನ್ನೊಂದು ಎಡವುವ ಜಾಗ: ವ್ಯಾಲ್ಯೂವನ್ನು ಪ್ರೊಸೆಸ್‌ನ ಆರ್ಗ್ಯುಮೆಂಟ್ ಆಗಿ ಕಳುಹಿಸಬಹುದು, ಪೂಲ್.ಮ್ಯಾಪ್‌ನ ಆರ್ಗ್ಯುಮೆಂಟ್ ಆಗಿ ಕಳುಹಿಸಿದರೆ ರನ್‌ಟೈಮ್‌ಎರರ್. ಪೂಲ್ ಕಟ್ಟುವಾಗ ಇನಿಶಿಯಲೈಸರ್ ಎಂಬ ಫಂಕ್ಷನ್ ಕೊಟ್ಟು, ಅದರೊಳಗೆ 'ಕಾನ್ಫಿಗ್.ಎಣಿಕೆ = ಬಂದದ್ದು' ಎಂದು ಬರೆದರೆ ಪ್ರತಿ ಮಗುವೂ ಹುಟ್ಟಿದ ಕೂಡಲೇ ಅದನ್ನು ತನ್ನ ಕಾನ್ಫಿಗ್‌ಗೆ ಸೇರಿಸಿಕೊಳ್ಳುತ್ತದೆ.

ವೆಬ್ ಸರ್ವರಿನಲ್ಲಿ ಭೇಟಿಗಳ ಸಂಖ್ಯೆಯನ್ನು ಗ್ಲೋಬಲ್‌ನಲ್ಲಿಟ್ಟು, ಪುಟ ರಿಫ್ರೆಶ್ ಮಾಡಿದಾಗಲೆಲ್ಲ ಸಂಖ್ಯೆ ಹಿಂದೆ ಮುಂದೆ ಜಿಗಿಯುತ್ತದೆ ಎಂದು ಬರೆದವರಿಗೂ ಇದೇ ಉತ್ತರ. ಸರ್ವರಿನಲ್ಲಿ ಹಲವು ವರ್ಕರ್ ಪ್ರೊಸೆಸ್‌ಗಳಿವೆ, ನಿಮ್ಮ ಕೋರಿಕೆ ಒಮ್ಮೆ ಒಂದಕ್ಕೆ, ಒಮ್ಮೆ ಇನ್ನೊಂದಕ್ಕೆ ಹೋಗುತ್ತದೆ. ಅಂಥ ಸಂಖ್ಯೆ ಡೇಟಾಬೇಸಿನಲ್ಲಿರಬೇಕು, ಅಥವಾ ರೆಡಿಸ್‌ನಂಥ ಸಂಗ್ರಹದಲ್ಲಿ. ರೆಡಿಸ್‌ನ ಇನ್ಕ್ರ್ ಆದೇಶ ಓದಿ, ಕೂಡಿ, ಬರೆಯುವ ಮೂರನ್ನೂ ಒಂದೇ ಅವಿಭಜಿತ ಹೆಜ್ಜೆಯಾಗಿ ಮಾಡುತ್ತದೆ.

ಪ್ರಶ್ನೆ: ಪ್ರೊಸೆಸ್ ಬದಲು ಥ್ರೆಡ್ ಬಳಸಿದರೆ?

ಉತ್ತರ: ಒಂದೇ ಪ್ರೊಸೆಸ್‌ನೊಳಗೆ ಓಡುವ ಥ್ರೆಡ್‌ಗಳು ಒಂದೇ ಮೆಮೊರಿ ಹಂಚಿಕೊಳ್ಳುವುದರಿಂದ ಕಾನ್ಫಿಗ್.ಎಣಿಕೆ ಎಲ್ಲರಿಗೂ ಒಂದೇ. ಆದರೆ ಮೇಲೆ ಹೇಳಿದ ಮೂರು ಹೆಜ್ಜೆಗಳ ಅಪಾಯ ಇಲ್ಲೂ ಇದೆ. ಪೈಥಾನ್‌ನ ಜಿಐಎಲ್, ಅಂದರೆ ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಒಳಗಿನ ಲಾಕ್, ನಿಮ್ಮ ಲೆಕ್ಕವನ್ನು ಕಾಯುವುದಿಲ್ಲ. ಕಾನ್ಫಿಗ್‌ನಲ್ಲೇ ಥ್ರೆಡಿಂಗ್.ಲಾಕ್ ಒಂದನ್ನು ಇಟ್ಟು, 'ಏರಿಸು' ಫಂಕ್ಷನ್ನಿನೊಳಗೆ ಅದನ್ನು ಹಿಡಿಯಿರಿ. ಪುಟ್ಟ ಪರೀಕ್ಷೆಯಲ್ಲಿ ಲೆಕ್ಕ ಸರಿ ಬಂತೆಂದು ಲಾಕ್ ಬಿಡಬೇಡಿ, ಈ ದೋಷ ಹೊರೆ ಹೆಚ್ಚಿದಾಗಲೇ ತಲೆ ಎತ್ತುವುದು. ಪ್ರತಿ ಥ್ರೆಡ್‌ಗೂ ಬೇರೆ ಬೆಲೆ ಬೇಕಿದ್ದರೆ ಥ್ರೆಡಿಂಗ್.ಲೋಕಲ್, ಅಸಿಂಕ್ ಕೋಡಿನಲ್ಲಾದರೆ ಪೈಥಾನ್ 3.7ರಲ್ಲಿ ಬಂದ ಕಾಂಟೆಕ್ಸ್ಟ್‌ವಾರ್ಸ್.

ಪ್ರಶ್ನೆ: ಹಳೆಯ ಸಿ ಪ್ರೋಗ್ರಾಮ್ ಒಂದನ್ನು ಹೊಸ ಜಿಸಿಸಿ ಕಂಪೈಲರಿನಲ್ಲಿ ಕಂಪೈಲ್ ಮಾಡಿದರೆ 'ಮಲ್ಟಿಪಲ್ ಡೆಫಿನಿಷನ್' ಎಂದು, ಕಂಪೈಲ್ ಆದ ಫೈಲುಗಳನ್ನು ಜೋಡಿಸುವ ಲಿಂಕರ್ ತಕರಾರು ಮಾಡುತ್ತದೆ. ಹಿಂದೆ ಯಾವ ತೊಂದರೆಯೂ ಇರಲಿಲ್ಲ.

ಉತ್ತರ: ಹೆಡರ್ ಫೈಲಿನಲ್ಲಿ 'ಇಂಟ್ ಎಣಿಕೆ;' ಎಂದು ಬರೆದಿರಬೇಕು. ಆ ಹೆಡರನ್ನು ಸೇರಿಸಿಕೊಂಡ ಪ್ರತಿ ಸಿ ಫೈಲಿನಲ್ಲೂ ಒಂದೊಂದು ಎಣಿಕೆ ಹುಟ್ಟುತ್ತದೆ. ಹಳೆಯ ಜಿಸಿಸಿ ಇವನ್ನು ಒಂದಾಗಿ ಬೆಸೆದುಬಿಡುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10ರಿಂದ ಆ ಸಡಿಲಿಕೆ ಪೂರ್ವನಿಯೋಜಿತವಾಗಿ ಇಲ್ಲ. '-ಎಫ್‌ಕಾಮನ್' ಆಯ್ಕೆ ಕೊಟ್ಟರೆ ಹಳೆಯ ನಡವಳಿಕೆ ಮರಳುತ್ತದೆ, ಆದರೆ ಕೋಡನ್ನೇ ತಿದ್ದುವುದು ಕಷ್ಟವಲ್ಲ. ಹೆಡರಿನಲ್ಲಿ 'ಎಕ್ಸ್‌ಟರ್ನ್ ಇಂಟ್ ಎಣಿಕೆ;' ಎಂಬ ಘೋಷಣೆ, ಒಂದೇ ಒಂದು ಸಿ ಫೈಲಿನಲ್ಲಿ 'ಇಂಟ್ ಎಣಿಕೆ = 0;' ಎಂಬ ನಿಜವಾದ ವ್ಯಾಖ್ಯೆ. ಆ ಸಿ ಫೈಲೂ ಹೆಡರನ್ನು ಸೇರಿಸಿಕೊಳ್ಳಲಿ. ಟೈಪ್ ಎರಡೂ ಕಡೆ ಒಂದೇ ಇದೆಯೇ ಎಂದು ಕಂಪೈಲರ್ ಆಗ ಮಾತ್ರ ನೋಡಬಲ್ಲದು. ಎಕ್ಸ್‌ಟರ್ನ್ ಸಾಲಿನಲ್ಲಿ ಆರಂಭಿಕ ಬೆಲೆ ಕೊಡಬೇಡಿ, ಕೊಟ್ಟರೆ ಅದೂ ವ್ಯಾಖ್ಯೆಯೇ ಆಗುತ್ತದೆ.

ತಕರಾರು ತಪ್ಪಿಸಲು ಕೆಲವರು ಹೆಡರಿನಲ್ಲಿ 'ಸ್ಟ್ಯಾಟಿಕ್' ಸೇರಿಸುತ್ತಾರೆ. ಎರರ್ ಮಾಯವಾಗುತ್ತದೆ, ಆದರೆ ಪ್ರತಿ ಸಿ ಫೈಲಿಗೂ ಬೇರೆ ಬೇರೆ ಎಣಿಕೆ ಸಿಗುತ್ತದೆ. ಒಂದು ಕಡೆ ಏರಿಸಿದ್ದು ಇನ್ನೊಂದು ಕಡೆ ಕಾಣದು. ಲಿಂಕರಿನ ಎರರ್ ಇದಕ್ಕಿಂತ ಎಷ್ಟೋ ವಾಸಿ. ಸಿ++ನಲ್ಲಿ 2017ರ ಮಾನಕದಿಂದ ಹೆಡರಿನಲ್ಲೇ 'ಇನ್‌ಲೈನ್ ಇಂಟ್ ಎಣಿಕೆ = 0;' ಎಂದು ಬರೆಯಬಹುದು, ಆಗ ಪ್ರತಿ ಒಂದೇ.

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನ ಇಂಪೋರ್ಟ್ ಕೂಡ ಪೈಥಾನ್‌ನಂತೆಯೇ ನಡೆದುಕೊಳ್ಳುತ್ತದೆಯೇ?

ಉತ್ತರ: ನೋಡಲು ಒಂದೇ ಥರ, ನಡತೆ ಬೇರೆ. ಇಎಸ್ ಮಾಡ್ಯೂಲುಗಳಲ್ಲಿ, ಅಂದರೆ ಇಂಪೋರ್ಟ್ ಮತ್ತು ಎಕ್ಸ್‌ಪೋರ್ಟ್ ಬಳಸುವ ಜಾವಾಸ್ಕ್ರಿಪ್ಟ್ ಫೈಲುಗಳಲ್ಲಿ, ತರಿಸಿಕೊಂಡ ಹೆಸರು ಮೂಲ ಹೆಸರಿಗೆ ಜೀವಂತವಾಗಿ ಕಟ್ಟಿಕೊಂಡಿರುತ್ತದೆ. ಮೂಲ ಫೈಲಿನಲ್ಲಿ ಬೆಲೆ ಬದಲಾದರೆ ನಿಮಗೂ ಹೊಸ ಬೆಲೆಯೇ ಕಾಣುತ್ತದೆ. ಆದರೆ ನಿಮ್ಮ ಕಡೆಯಿಂದ ಅದಕ್ಕೆ ಬೆಲೆ ಕೊಡಲಾಗದು, ಟೈಪ್‌ಎರರ್ ಬರುತ್ತದೆ. ಮೂಲ ಫೈಲೇ ಒಂದು 'ಏರಿಸು' ಫಂಕ್ಷನ್ ರಫ್ತು ಮಾಡಬೇಕು. 'ಎಕ್ಸ್‌ಪೋರ್ಟ್ ಡಿಫಾಲ್ಟ್ ಎಣಿಕೆ' ಎಂದು ಬರೆದರೆ ಈ ಜೀವಂತ ಕೊಂಡಿ ಇರುವುದಿಲ್ಲ, ಆ ಕ್ಷಣದ ಬೆಲೆ ಮಾತ್ರ ಹೋಗುತ್ತದೆ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಹಳೆಯ ರಿಕ್ವೈರ್ ಪದ್ಧತಿಯಲ್ಲಿ ಪುಷ್ಪಾವರಣದೊಳಗೆ ಹೆಸರು ಬರೆದು ಬಿಡಿಸಿಕೊಂಡರೆ ಪೈಥಾನ್‌ನ ಮೊದಲ ಪ್ರಶ್ನೆಯ ಸ್ಥಿತಿಯೇ.

ಪ್ರಶ್ನೆ: ಗ್ಲೋಬಲ್ ಬಳಸಲೇಬಾರದು ಎನ್ನುತ್ತಾರೆ. ಟೆಸ್ಟ್‌ಗಳಲ್ಲೂ ಅದರಿಂದ ಕಿರಿಕಿರಿಯಾಗುತ್ತಿದೆ: ಒಂದೊಂದಾಗಿ ಓಡಿಸಿದರೆ ಎಲ್ಲ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್.

ಉತ್ತರ: ಬದಲಾಗದ ಬೆಲೆಗಳು, ಅಂದರೆ ಫೈಲಿನ ದಾರಿ, ಕಾಯುವ ಸಮಯದ ಮಿತಿ ಮುಂತಾದವು, ಮಾಡ್ಯೂಲ್ ಮಟ್ಟದಲ್ಲಿರುವುದೇ ಸರಿ. ಪ್ರೋಗ್ರಾಮ್ ಶುರುವಾಗುವಾಗ ಒಮ್ಮೆ ತುಂಬಿ ಆಮೇಲೆ ಎಲ್ಲರೂ ಓದುವ ಸೆಟಿಂಗ್‌ಗಳಿಗೂ ಆಕ್ಷೇಪವಿಲ್ಲ. ಐದಾರು ಫೈಲುಗಳಿಂದ ಬರೆಯಲ್ಪಡುವ ಗ್ಲೋಬಲ್ ಇದ್ದರೆ ಅದನ್ನು ತೆಗೆಯಿರಿ: ಒಂದು ಕ್ಲಾಸ್ ಮಾಡಿ, ಮೇನ್‌ನಲ್ಲಿ ಅದರ ಆಬ್ಜೆಕ್ಟ್ ಒಂದನ್ನು ಕಟ್ಟಿ, ಬೇಕಾದ ಫಂಕ್ಷನ್ನುಗಳಿಗೆ ಆರ್ಗ್ಯುಮೆಂಟ್ ಆಗಿ ಕೊಡಿ. ಯಾರು ಏನನ್ನು ಬದಲಿಸುತ್ತಾರೆ ಎಂಬುದು ಫಂಕ್ಷನ್ನಿನ ತಲೆಸಾಲಿನಲ್ಲೇ ಕಾಣುತ್ತದೆ.

ನಿಮ್ಮ ಟೆಸ್ಟ್‌ಗಳು ಒಟ್ಟಿಗೆ ಬಿದ್ದುಹೋಗುವುದು ಮೊದಲ ಟೆಸ್ಟ್ ಬದಲಿಸಿದ ಗ್ಲೋಬಲ್ ಎರಡನೆಯದಕ್ಕೂ ಹಾಗೇ ಉಳಿಯುವುದರಿಂದ. ಟೆಸ್ಟ್ ಓಡಿಸುವ ಪೈಟೆಸ್ಟ್ ಸಾಧನದಲ್ಲಿ ಮಂಕಿಪ್ಯಾಚ್.ಸೆಟ್‌ಆಟ್ರ್ ಬಳಸಿ ಬೆಲೆ ಕೊಡಿ, ಟೆಸ್ಟ್ ಮುಗಿದ ಕೂಡಲೇ ಹಳೆಯ ಬೆಲೆಯನ್ನು ಅದೇ ಮರಳಿಸುತ್ತದೆ. ಬದಲಿಸಿದರೂ ಪರಿಣಾಮ ಕಾಣದಿದ್ದರೆ ಎರಡು ಕಡೆ ನೋಡಿ. ಪರೀಕ್ಷಿಸುತ್ತಿರುವ ಫೈಲು ಹೆಸರನ್ನು 'ಫ್ರಮ್' ಮೂಲಕ ತರಿಸಿಕೊಂಡಿದ್ದರೆ ನೀವು ಬದಲಿಸಬೇಕಾದದ್ದು ಕಾನ್ಫಿಗ್‌ನಲ್ಲಲ್ಲ, ಆ ಫೈಲಿನಲ್ಲಿರುವ ಹೆಸರನ್ನು. ಎರಡನೆಯದು, 'ಡೆಫ್ ಓದು(ಮಿತಿ=ಕಾನ್ಫಿಗ್.ಮಿತಿ)' ಎಂಬಂಥ ಸಾಲು. ಪೂರ್ವನಿಯೋಜಿತ ಆರ್ಗ್ಯುಮೆಂಟಿನ ಲೆಕ್ಕ ಡೆಫ್ ಸಾಲು ಓಡಿದಾಗ ಒಮ್ಮೆ ಮಾತ್ರ ನಡೆಯುತ್ತದೆ, ಆಮೇಲೆ ಕಾನ್ಫಿಗ್.ಮಿತಿ ಬದಲಾದರೂ ಫಂಕ್ಷನ್ನಿಗೆ ತಿಳಿಯುವುದಿಲ್ಲ. ಅಲ್ಲಿ 'ಮಿತಿ=ನನ್' ಎಂದು ಬರೆದು (ನನ್ ಎಂದರೆ ಪೈಥಾನ್‌ನಲ್ಲಿ 'ಬೆಲೆ ಇಲ್ಲ'), ಫಂಕ್ಷನ್ನಿನೊಳಗೆ ನನ್ ಇದ್ದರೆ ಕಾನ್ಫಿಗ್.ಮಿತಿಯನ್ನು ತೆಗೆದುಕೊಳ್ಳಿ.